ಕಂಪನಿ ಮೇಲ್‌ಗೆ ಬೀಗ ಎಲ್ಲಿ ಹಾಕೋದು?

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಅಲ್ಲಿನ ವಿಗ್ರಹಗಳನ್ನ ಕೆತ್ತಿದ ಬೈಚೋಜ, ಮಲ್ಲಿತಮ್ಮ ಯಾರು ಅಂತ ಇವತ್ತಿಗೂ ಹೆಸರು ಹಿಡಿದು ಹೇಳಬಹುದು. ಇಮೇಲ್‌ಗೆ ಈ ಅನುಕೂಲ ಶುರುವಿನಲ್ಲಿ ಇರಲಿಲ್ಲ. 1982ರ ಎಸ್‌ಎಂಟಿಪಿ ನಿಯಮದಲ್ಲಿ, ಕಳಿಸಿದವರು ನಿಜವಾಗ್ಲೂ ಅವರೇನಾ ಅಂತ ನೋಡುವ ಏರ್ಪಾಡೇ ಇಲ್ಲ. ಅಂಚೆ ಕವರ್ ಮೇಲೆ 'ಇಂದ' ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದಲ್ವಾ, ಹಾಗೇ.

ನುಗ್ಗೇಹಳ್ಳಿಯ ಒಬ್ಬ ಕೊಬ್ಬರಿ ವ್ಯಾಪಾರಿ ಹೊರ ರಾಜ್ಯಕ್ಕೆ ಲೋಡ್ ಕಳಿಸಿದ್ದಾರೆ ಅಂದ್ಕೊಳ್ಳೋಣ. ಕೊಂಡವರಿಗೆ ಅವರ ಹೆಸರಲ್ಲೇ ಒಂದು ಮೇಲ್ ಹೋಗುತ್ತೆ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಇದಕ್ಕೆ ಹಾಕಿ.' ಇದನ್ನ ತಡೆಯೋಕೆ ಮೂರು ಪದರ ಇವೆ. ನಮ್ಮ ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ ಎಸ್‌ಪಿಎಫ್. ಪ್ರತಿ ಮೇಲ್‌ಗೂ ಖಾಸಗಿ ಕೀಲಿಯಿಂದ ಹಾಕುವ ಸಹಿ ಡಿಕೆಐಎಂ. ಅದನ್ನ ಪರೀಕ್ಷಿಸುವ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿ ಇರುತ್ತೆ. ಇವೆರಡರಲ್ಲಿ ಒಂದಾದ್ರೂ 'ಇಂದ' ವಿಳಾಸದ ಡೊಮೇನ್‌ಗೆ ಹೊಂದದಿದ್ರೆ ಏನು ಮಾಡಬೇಕು ಅಂತ ಹೇಳೋದು ಡಿಮಾರ್ಕ್. ಇದರಲ್ಲಿ 'ನನ್' ಅಂತ ಹಾಕಿ ಮರೆತುಬಿಟ್ರೆ ವರದಿ ಬರುತ್ತೆ ಅಷ್ಟೇ, ಕಳ್ಳ ಮೇಲ್ ಒಳಗೆ ಬಂದೇ ಬರುತ್ತೆ. ವರದಿ ಓದಿ, ನಿಧಾನಕ್ಕೆ 'ರಿಜೆಕ್ಟ್'ಗೆ ಹೋಗಬೇಕು.

ಆದ್ರೆ ಕಳ್ಳ ಹೋಲುವ ಹೆಸರಿನ ಬೇರೆ ಡೊಮೇನ್ ಕೊಂಡ್ರೆ? ಇಂಗ್ಲಿಷಿನ ಆರ್, ಎನ್ ಅಕ್ಷರಗಳು ಪಕ್ಕಪಕ್ಕ ಕೂತ್ರೆ ಎಮ್ ಥರಾನೇ ಕಾಣ್ತವೆ. ಆ ಡೊಮೇನ್ ಅವನದೇ ಆದ್ದರಿಂದ ಮೂರೂ ಪರೀಕ್ಷೆ ಪಾಸು! ಲಿಥುವೇನಿಯಾದ ಒಬ್ಬ ವ್ಯಕ್ತಿ 2013ರಿಂದ 2015ರವರೆಗೆ, ತೈವಾನಿನ ಕ್ವಾಂಟಾ ಕಂಪನಿ ಅಂತ ನಂಬಿಸಿ, ಸುಳ್ಳು ಬಿಲ್ ಕಳಿಸಿ ಗೂಗಲ್, ಫೇಸ್‌ಬುಕ್‌ಗಳಿಂದ 12 ಕೋಟಿ ಡಾಲರ್‌ಗೂ ಹೆಚ್ಚು ಹೊಡೆದ. ಅಂಥವರೇ ಮೋಸ ಹೋದ್ರು ಅಂದ್ಮೇಲೆ ಸರ್ವರ್ ಸೆಟ್ಟಿಂಗ್ ಒಂದನ್ನೇ ನಂಬಿ ಕೂರೋಕಾಗಲ್ಲ. ಖಾತೆ ಬದಲಾದ ಮೇಲ್ ಬಂದ್ರೆ ಮೊದಲಿಂದ ನಮ್ಮ ಹತ್ರ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಬೇಕು. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರ್‌ಗಲ್ಲ.

ಇನ್ನು ಜೇಬಿನ ಫೋನ್. ಸಣ್ಣ ವ್ಯಾಪಾರದಲ್ಲಿ ಆಫೀಸ್ ಇರೋದೇ ಅದರಲ್ಲಿ. ಸ್ಕ್ರೀನ್ ಲಾಕ್, ಎರಡು ಹಂತದ ಲಾಗಿನ್ ಇರಲೇಬೇಕು. ಕೆಲಸ ಬಿಟ್ಟುಹೋದವರ ಫೋನಿಂದ ಕಂಪನಿ ಖಾತೆಯನ್ನ ಅದೇ ದಿನ ತೆಗೀಬೇಕು. ಕಂಪನಿ ನಮ್ಮ ಫೋಟೋ ನೋಡುತ್ತೆ ಅನ್ನೋ ಭಯಕ್ಕೆ ಇಂಟರ್ನ್‌ಶಿಪ್‌ಗೆ ಹೋದ ನಮ್ಮಲ್ಲಿ ಕೆಲವರು ಆ ಆ್ಯಪ್ ಹಾಕಿಸ್ಕೊಳ್ಳಲ್ಲ. ಆಂಡ್ರಾಯ್ಡ್‌ನ ವರ್ಕ್ ಪ್ರೊಫೈಲ್‌ನಲ್ಲಿ ಕೆಲಸದ ಭಾಗ ಬೇರೆ, ನಮ್ಮದು ಬೇರೆ. ಫೋನ್ ಕಳೆದ್ರೆ ಕಂಪನಿ ದೂರದಿಂದಲೇ ಅಳಿಸೋದು ಕೆಲಸದ ಭಾಗವನ್ನ ಮಾತ್ರ.

ಖಾತೆ ಕಳ್ಳನ ಕೈಗೆ ಸಿಕ್ಕಿತ್ತು ಅಂತ ಗೊತ್ತಾದ್ರೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬಾರದು. ಅವನು ಮೇಲ್‌ಗಳ ಪ್ರತಿ ತನಗೂ ಬರುವ ಹಾಗೆ ಫಾರ್ವರ್ಡಿಂಗ್ ಇಟ್ಟಿರಬಹುದು, ಪಾಸ್‌ವರ್ಡ್ ಬದಲಾದ್ರೂ ಅದು ಹಾಗೇ ಉಳಿದಿರುತ್ತೆ. ಹುಡುಕಿ ತೆಗೀಬೇಕು. ಹಣ ಹೋಗಿದ್ರೆ ತಡಮಾಡದೆ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ.