ಕಾರು ಬಿಚ್ಚುವ ಮುನ್ನ ಆರ್‌ಸಿಯ ಲೆಕ್ಕ ಮುಗಿಸಿ

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅದರ ಬಿಡಿಭಾಗಗಳಿಗೆ ಮಾತ್ರ ಇಂದಿಗೂ ಗಿರಾಕಿಗಳಿದ್ದಾರೆ. ಕಾರ್ಬುರೇಟರ್, ಆಲ್ಟರ್ನೇಟರ್, ಬಾಗಿಲಿನ ಗಾಜು, ಹೆಡ್‌ಲೈಟು, ಡಿಕ್ಕಿಯ ಮುಚ್ಚಳ ಎಲ್ಲಕ್ಕೂ ಒಂದು ಬೆಲೆಯಿದೆ. ಹಳೆಯ ಕಾರನ್ನು ಇಡಿಯಾಗಿ ಗುಜರಿಗೆ ತೂಕಕ್ಕೆ ಹಾಕುವುದಕ್ಕಿಂತ ಬಿಚ್ಚಿ ಒಂದೊಂದಾಗಿ ಮಾರಿದರೆ ಹೆಚ್ಚು ದುಡ್ಡು ಬರುತ್ತದೆಂಬುದು ಗ್ಯಾರೇಜಿನವರೆಲ್ಲ ಬಲ್ಲ ಸಂಗತಿ. ಹಾಗಾಗಿ ಸ್ಪ್ಯಾನರ್ ಸೆಟ್ಟು, ಜಾಕಿ, ನಾಲ್ಕು ದಿನ ರಜೆ ಕೈಲಿರುವವರು ಮನೆಯಂಗಳದಲ್ಲೇ ಕೆಲಸಕ್ಕೆ ಕೂರುತ್ತಾರೆ. ತಮ್ಮ ದುಡ್ಡಿನ ಕಾರು, ತಮ್ಮದೇ ಅಂಗಳ, ಇದರಲ್ಲಿ ಕಾನೂನಿಗೇನು ಕೆಲಸ ಎಂದು ಅವರಿಗೆ ಅನ್ನಿಸುವುದು ಸಹಜ.

ಕೆಲಸ ಇದೆ. ಕಾರು ಚೂರುಚೂರಾಗಿ ಅಂಗಳದಿಂದ ಹೊರಟುಹೋದ ಮೇಲೂ ಅದರ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಸರ್ಕಾರದ ‘ವಾಹನ್’ ದಾಖಲೆಯಲ್ಲಿ ಮಾಲೀಕರ ಹೆಸರಿಗೇ ಅಂಟಿಕೊಂಡಿರುತ್ತವೆ. ಯಾರಾದರೂ ಹೋಗಿ ತೆಗೆಸುವವರೆಗೆ ಅವು ಹಾಗೆಯೇ ಇರುತ್ತವೆ.

ದಾಖಲೆಯಲ್ಲಿ ಹೆಸರು ಉಳಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೋಡಬೇಕು. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರುತ್ತಾ ಹೋದರು. ಆರ್‌ಸಿಯಲ್ಲಿ ಹೆಸರು ಬದಲಾಯಿಸಲು ಯಾರೂ ಹೋಗಲಿಲ್ಲ. 2009ರಲ್ಲಿ ಆ ಕಾರು ಅಪಘಾತ ಮಾಡಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗೆ ಕೋರ್ಟಿನ ಉತ್ತರ ನೇರವಾಗಿತ್ತು: ನೋಂದಣಿ ಯಾರ ಹೆಸರಿನಲ್ಲಿದೆಯೋ ಕಾಯ್ದೆಯ ದೃಷ್ಟಿಯಲ್ಲಿ ಅವರೇ ಮಾಲೀಕರು. ಎರಡು ವರ್ಷದಿಂದ ಕಾರಿನ ಮುಖವನ್ನೇ ನೋಡದಿದ್ದ ಮೊದಲ ಮಾಲೀಕರು ಹೊಣೆ ಹೊರಬೇಕಾಯಿತು.

ಅದು ಇಡೀ ಕಾರಿನ ಪ್ರಕರಣ. ಬಿಚ್ಚಿದ ಕಾರಿನಲ್ಲಿ ಅಪಾಯ ಇನ್ನೊಂದು ಬಗೆಯದು. ಕದ್ದ ಕಾರನ್ನು ಹಾಗೆಯೇ ರಸ್ತೆಗಿಳಿಸಿದರೆ ಸಿಕ್ಕಿಬೀಳುತ್ತದೆಂದು ಕಳ್ಳರಿಗೆ ಗೊತ್ತು. ಅದಕ್ಕಾಗಿ ಅದೇ ಮಾದರಿಯ, ಅದೇ ಬಣ್ಣದ, ಅಪಘಾತದಲ್ಲಿ ಜಜ್ಜಿಹೋದ ಅಥವಾ ಗುಜರಿಗೆ ಬಂದ ಕಾರನ್ನು ಆರ್‌ಸಿ ಸಮೇತ ಅಗ್ಗಕ್ಕೆ ಕೊಳ್ಳುತ್ತಾರೆ. ಅದರ ಚಾಸಿ ಸಂಖ್ಯೆಯಿರುವ ತಗಡನ್ನು ಕತ್ತರಿಸಿ ಕದ್ದ ಕಾರಿಗೆ ಬೆಸೆಯುತ್ತಾರೆ, ನಂಬರ್ ಪ್ಲೇಟು ಹಾಕುತ್ತಾರೆ. ಕಳುವಿನ ಕಾರು ಕಾಗದದಲ್ಲಿ ಸಾಚಾ ಆಗಿಬಿಡುತ್ತದೆ. ಉತ್ತರ ಪ್ರದೇಶದ ಮೀರತ್‌ನ ಸೋತಿಗಂಜ್ ಮಾರುಕಟ್ಟೆ ಕದ್ದ ವಾಹನಗಳನ್ನು ಬಿಚ್ಚಿ ಮಾರುವುದಕ್ಕೆ ದಶಕಗಳ ಕಾಲ ಕುಖ್ಯಾತವಾಗಿತ್ತು. 2021ರ ಡಿಸೆಂಬರ್‌ನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಇಂಥ ದಂಧೆಗೆ ಬೇಕಾಗುವುದು ಎಂಜಿನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ಲ, ರದ್ದಾಗದೆ ಉಳಿದ ಒಂದು ಆರ್‌ಸಿ ಮತ್ತು ಅಂಗೈಯಗಲದ ತಗಡು. ಮನೆಯಲ್ಲಿ ಕಾರು ಬಿಚ್ಚಿದವರು ‘ಇನ್ನೇನು ಉಪಯೋಗ’ ಎಂದು ಗುಜರಿಯವರ ಕೈಗಿಡುವುದೂ ಇವನ್ನೇ.

ಇನ್ನು ಕಾನೂನಿನ ಮಾತು. ಅಂಗಳದಲ್ಲಿ ಕಾರು ಬಿಚ್ಚಬೇಡಿ ಎಂದು ಮೋಟಾರು ವಾಹನಗಳ ಕಾಯ್ದೆ 1988 ಮಾಲೀಕರಿಗೆ ನೇರವಾಗಿ ಹೇಳುವುದಿಲ್ಲ. ಆದರೆ ಅದರ ಸೆಕ್ಷನ್ 55 ಹೀಗೆನ್ನುತ್ತದೆ: ವಾಹನ ನಾಶವಾದರೆ, ಇಲ್ಲವೇ ಮತ್ತೆಂದೂ ಬಳಸಲಾಗದ ಸ್ಥಿತಿಗೆ ಬಂದರೆ, ಮಾಲೀಕರು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ತಮ್ಮ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು. ಎಂಜಿನ್ ಇಳಿಸಿ, ಚಾಸಿ ಕತ್ತರಿಸಿದ ಕಾರಿಗೆ ಈ ಮಾತು ಪೂರ್ತಿಯಾಗಿ ಅನ್ವಯಿಸುತ್ತದೆ.

ಇದರ ಜತೆಗೆ 2025ರ ಏಪ್ರಿಲ್ 1ರಿಂದ ಇನ್ನೊಂದು ಕಟ್ಟಳೆ ಜಾರಿಯಲ್ಲಿದೆ. ಕೇಂದ್ರ ಪರಿಸರ ಸಚಿವಾಲಯದ ‘ಜೀವಿತಾವಧಿ ಮುಗಿದ ವಾಹನಗಳ ನಿಯಮಗಳು’ ನೋಂದಣಿ ಅವಧಿ ಮುಗಿದ, ನೋಂದಣಿ ರದ್ದಾದ, ಕ್ಷಮತೆ ಪರೀಕ್ಷೆಯಲ್ಲಿ ಅನರ್ಹವಾದ ವಾಹನಗಳನ್ನಷ್ಟೇ ಅಲ್ಲ, ‘ಇದು ಇನ್ನು ತ್ಯಾಜ್ಯ’ ಎಂದು ಮಾಲೀಕರೇ ಘೋಷಿಸಿದ ವಾಹನಗಳನ್ನೂ ಒಳಗೊಳ್ಳುತ್ತವೆ. ಅಂಥ ವಾಹನವನ್ನು 180 ದಿನಗಳೊಳಗೆ ತಯಾರಕರು ಗೊತ್ತುಮಾಡಿದ ಮಾರಾಟ ಮಳಿಗೆಗೆ, ಸಂಗ್ರಹ ಕೇಂದ್ರಕ್ಕೆ ಅಥವಾ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸುವುದು ಮಾಲೀಕರ ಕರ್ತವ್ಯ. ಕೃಷಿ ಟ್ರ್ಯಾಕ್ಟರ್, ಪವರ್ ಟಿಲ್ಲರ್‌ಗಳಿಗೆ ಇದರಿಂದ ವಿನಾಯಿತಿ ಇದೆ. ಊರಿಗೆ ಬಂದ ಕಾರುಗಳನ್ನೆಲ್ಲ ಕೊಂಡು ಬಿಚ್ಚಿ ಮಾರುವುದನ್ನೇ ಕಸುಬು ಮಾಡಿಕೊಳ್ಳುವವರಿಗಂತೂ 2021ರ ಸೆಪ್ಟೆಂಬರ್‌ನಲ್ಲಿ ಹೊರಟ ವಾಹನ ಗುಜರಿ ಕೇಂದ್ರ ನಿಯಮಗಳ ಪ್ರಕಾರ ನೋಂದಣಿ ಬೇಕೇ ಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬಾ ಹಬ್ಬಿದೆ. ಹದಿನೈದು ವರ್ಷ ತುಂಬಿತೆಂದರೆ ಕಾರನ್ನು ಗುಜರಿಗೆ ಹಾಕಲೇಬೇಕು ಎಂದು ಎಷ್ಟೋ ಮಂದಿ ನಂಬಿದ್ದಾರೆ. ಸರ್ಕಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ಹಾಗೊಂದು ನಿಯಮವಿದೆ. ದೆಹಲಿ ಸುತ್ತಮುತ್ತಲಿನ ಕಥೆಯೂ ಬೇರೆ. ಕರ್ನಾಟಕದ ಖಾಸಗಿ ಕಾರು ಸುಸ್ಥಿತಿಯಲ್ಲಿದ್ದರೆ ಪರೀಕ್ಷೆಗೊಳಪಟ್ಟು, ಶುಲ್ಕ ಕಟ್ಟಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಏಜೆಂಟರ ಹೆದರಿಕೆಯ ಮಾತಿಗೆ ಬಿದ್ದು ಓಡುವ ಕಾರನ್ನು ಕಡಿಮೆ ಬೆಲೆಗೆ ಬಿಟ್ಟುಕೊಡಬೇಕಿಲ್ಲ.

ಬಿಚ್ಚುವುದೆಂದೇ ನಿಶ್ಚಯವಾದರೆ ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ಹಿಡಿಯಬೇಕು. ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಹೆಸರಿದೆಯೇ ನೋಡಬೇಕು. ಕೊನೆಯ ಕಂತು ಕಟ್ಟಿ ವರ್ಷಗಳಾಗಿದ್ದರೂ ಆ ಹೆಸರು ಹಾಗೇ ಉಳಿದಿರುವುದು ಸಾಮಾನ್ಯ. ಸಾಲ ತೀರಿದ ಪತ್ರ ತಂದು, ಫಾರಂ 35 ಕೊಟ್ಟು ಅದನ್ನು ತೆಗೆಸಬೇಕು. ಸಾಲ ಬಾಕಿಯಿರುವ ಕಾರನ್ನು ಬಿಚ್ಚಿ ಮಾರುವುದು ಸಾಲಕ್ಕೆ ಕೊಟ್ಟ ಭದ್ರತೆಯನ್ನೇ ಅಳಿಸಿದಂತೆ, ಕೇಸು ಬೀಳುತ್ತದೆ. ಕಾರು ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ‘ನನ್ನನ್ನು ಕೇಳದೆ ಹೇಗೆ ಮಾರಿದೆ’ ಎಂದು ಒಡಹುಟ್ಟಿದವರ ನಡುವೆಯೇ ತಕರಾರು ಹುಟ್ಟೀತು. ಬಾಕಿ ತೆರಿಗೆ, ಸಂಚಾರ ದಂಡಗಳನ್ನು ಚುಕ್ತಾ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಪಘಾತ ಅಥವಾ ಇನ್ನಾವುದೋ ಪ್ರಕರಣದಲ್ಲಿ ಕೋರ್ಟಿಗೆ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡ ವಾಹನವಾದರೆ, ಪ್ರಕರಣ ಮುಗಿದು ಕೋರ್ಟಿನ ಅನುಮತಿ ಸಿಗುವವರೆಗೆ ಒಂದು ಬೋಲ್ಟನ್ನೂ ಮುಟ್ಟಬಾರದು. ಅದು ಸಾಕ್ಷ್ಯ.

ನೋಂದಾಯಿತ ಗುಜರಿ ಕೇಂದ್ರದ ದಾರಿ ಹಿಡಿದವರಿಗೆ ಈ ತಲೆನೋವು ಬಹುಪಾಲು ತಪ್ಪುತ್ತದೆ. ಕಳುವಾದ ವಾಹನಗಳ ರಾಷ್ಟ್ರೀಯ ದಾಖಲೆಯೊಂದಿಗೆ ಹೋಲಿಸಿ ನೋಡುವುದು ಕೇಂದ್ರದವರ ಹೊಣೆ. ವಾಹನ ಪಡೆದುಕೊಂಡಾಗ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’, ಬಿಚ್ಚಿ ಮುಗಿದ ಮೇಲೆ ಗುಜರಿ ಪ್ರಮಾಣಪತ್ರ ಕೊಡಬೇಕು. ಚಾಸಿ ಸಂಖ್ಯೆಯ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನವಾಗಿಡಬೇಕೆಂದೂ ನಿಯಮವಿದೆ. ಅಂಗೈಯಗಲದ ತಗಡಿಗೆ ಇಷ್ಟು ಕಾವಲು ಯಾಕೆಂಬುದು ಮೇಲಿನ ಕಥೆ ಓದಿದವರಿಗೆ ಅರ್ಥವಾದೀತು.

ಹಣದ ಲೆಕ್ಕವನ್ನೂ ಬಿಚ್ಚಿಡಬೇಕು. ಕೇಂದ್ರದ ಗುಜರಿ ನೀತಿ ಪ್ರಕಟವಾದಾಗ ಹಳೆ ವಾಹನಕ್ಕೆ ಅಂದಾಜಿಸಿದ್ದ ಬೆಲೆ ಹೊಸ ವಾಹನದ ಎಕ್ಸ್‌ಶೋರೂಂ ದರದ ಶೇ 4ರಿಂದ 6ರಷ್ಟು. ಬಿಡಿಯಾಗಿ ಮಾರಿದರೆ ಇದಕ್ಕಿಂತ ಹೆಚ್ಚು ಬರಬಹುದು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಹೊಸ ಕಾರು ಕೊಳ್ಳುವ ಯೋಚನೆಯಿದ್ದವರು ಇನ್ನೊಂದು ಬದಿಯನ್ನೂ ಕೂಡಿಸಿ ನೋಡಬೇಕು. ಡೆಪಾಸಿಟ್ ಸರ್ಟಿಫಿಕೇಟ್ ಇದ್ದರೆ ಹೊಸ ವಾಹನದ ನೋಂದಣಿ ಶುಲ್ಕ ಮನ್ನಾ ಆಗುತ್ತದೆ. ಖಾಸಗಿ ವಾಹನಕ್ಕೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಕರ್ನಾಟಕದಂತೆ ಜೀವಿತಾವಧಿ ತೆರಿಗೆ ದುಬಾರಿಯಾಗಿರುವ ರಾಜ್ಯದಲ್ಲಿ ಇದು ಸಣ್ಣ ಮೊತ್ತವಲ್ಲ. ಸದ್ಯ ಎಷ್ಟು ರಿಯಾಯಿತಿ ಸಿಗುತ್ತದೆಂದು ಆರ್‌ಟಿಒದಲ್ಲಿ ಕೇಳಿಕೊಂಡೇ ಹಳೆ ಕಾರಿನ ವ್ಯವಹಾರಕ್ಕೆ ಇಳಿಯುವುದು ಜಾಣತನ.

ಹಾಗಾದರೆ ಮಾಲೀಕರು ಏನನ್ನೂ ಬಿಚ್ಚಿ ಮಾರುವಂತಿಲ್ಲವೇ? ಮ್ಯೂಸಿಕ್ ಸಿಸ್ಟಂ, ಸೀಟ್ ಕವರ್, ಮೇಲಿನ ಕ್ಯಾರಿಯರ್, ಆಮೇಲೆ ಹಾಕಿಸಿದ ಅಲಾಯ್ ಚಕ್ರಗಳಂಥವನ್ನು ತೆಗೆದು ಮಾರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಯಾವ ಭಾಗ ಮಾರಿದರೂ ಒಂದು ಚೀಟಿ ಬರೆದು, ಕಾರಿನ ನೋಂದಣಿ ಸಂಖ್ಯೆ, ತಾರೀಖು, ಕೊಂಡವರ ಹೆಸರು, ಸಹಿ ಹಾಕಿಸಿಕೊಳ್ಳಬೇಕು. ಈ ಚೀಟಿ ಕೊಳ್ಳುವವರಿಗೂ ರಕ್ಷೆ. ಕಳುವಿನ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317ರಡಿ ಮೂರು ವರ್ಷದವರೆಗೆ ಜೈಲುಶಿಕ್ಷೆಯಾಗಬಹುದು. ಎಂಜಿನ್ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಆ ಎಂಜಿನ್ನಿನ ಹತ್ತಿರವೂ ಸುಳಿಯಬಾರದು.

ಕೆಲವು ವಸ್ತುಗಳನ್ನು ಮನೆಯಲ್ಲಿ ಮುಟ್ಟದಿರುವುದೇ ಕ್ಷೇಮ. ಏರ್‌ಬ್ಯಾಗ್ ಒಳಗೆ ಸಿಡಿಯುವ ರಾಸಾಯನಿಕವಿದೆ. ಸ್ಟೇರಿಂಗ್ ಬಿಚ್ಚುವಾಗ ಮುಖದ ಮುಂದೆಯೇ ಹಾರೀತು. ಪೆಟ್ರೋಲ್ ಖಾಲಿಯಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಅದರ ಪಕ್ಕ ಗ್ಯಾಸ್ ಕಟರ್ ಹಿಡಿಯುವುದು ಜೀವಕ್ಕೇ ಅಪಾಯ. ಸಿಎನ್‌ಜಿ, ಎಲ್‌ಪಿಜಿ ಸಿಲಿಂಡರನ್ನು ಪರವಾನಗಿ ಇರುವವರೇ ಇಳಿಸಬೇಕು. ಎಂಜಿನ್ ಆಯಿಲನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯುವುದು ಬಾವಿಯ ನೀರಿಗೆ ವಿಷ ಬೆರೆಸುವ ಕೆಲಸ. ಸೀಸ, ಆಮ್ಲ ತುಂಬಿದ ಬ್ಯಾಟರಿಯನ್ನು ಬೇರೆಯಾಗಿಯೇ ಸಂಗ್ರಹಕಾರರಿಗೆ ಅಥವಾ ಮರುಬಳಕೆಯವರಿಗೆ ಕೊಡಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ; ಹೊಸ ಬ್ಯಾಟರಿ ಕೊಳ್ಳುವ ಅಂಗಡಿಯಲ್ಲೇ ಹಳತಕ್ಕೆ ಬೆಲೆ ಸಿಗುತ್ತದೆ.

ಅರ್ಧ ಬಿಚ್ಚಿದ ಕಾರನ್ನು ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸುವ ಅಭ್ಯಾಸ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸಾಮಾನ್ಯ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆಸಿಕೊಂಡು ಹೋಗಲು ಮೋಟಾರು ವಾಹನಗಳ ಕಾಯ್ದೆಯ ಸೆಕ್ಷನ್ 127 ಪೊಲೀಸರಿಗೆ ಅಧಿಕಾರ ಕೊಟ್ಟಿದೆ, ಖರ್ಚು ಮಾಲೀಕರದೇ.

ಕಾರು ಕೈಬಿಟ್ಟ ಮೇಲೆ ವಾಹನ್ ಜಾಲತಾಣದಲ್ಲಿ ನೋಂದಣಿ ರದ್ದಾಗಿದೆಯೇ ಎಂದು ನೋಡಬೇಕು, ಫಾಸ್ಟ್ಯಾಗ್ ಮುಚ್ಚಿಸಬೇಕು, ವಿಮಾ ಕಂಪನಿಗೆ ತಿಳಿಸಿ ಉಳಿದ ಅವಧಿಯ ಕಂತು ವಾಪಸ್ ಕೇಳಬೇಕು. ಆರ್‌ಟಿಒ ನೋಂದಣಿ ರದ್ದತಿಯ ಅರ್ಜಿಯನ್ನು ಸುಮ್ಮನೆ ಇಟ್ಟುಕೊಂಡು ಕೂತರೆ ಮಾಹಿತಿ ಹಕ್ಕಿನಡಿ ಅದರ ಸ್ಥಿತಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಆರ್‌ಟಿಒ ಹೊರಡಿಸಿದ ಆದೇಶ ಅನ್ಯಾಯವೆನಿಸಿದರೆ, ಅದು ಕೈಸೇರಿದ 30 ದಿನಗಳೊಳಗೆ ಮೋಟಾರು ವಾಹನಗಳ ಕಾಯ್ದೆಯ ಸೆಕ್ಷನ್ 57ರಡಿ ಮೇಲ್ಮನವಿ ಸಲ್ಲಿಸುವ ಹಕ್ಕು ಮಾಲೀಕರಿಗಿದೆ. ವಕೀಲರಿಗೆ ಶುಲ್ಕ ಕೊಡುವ ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಿ ಉಚಿತ ಕಾನೂನು ಸಲಹೆ ಪಡೆಯಬಹುದು.