ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಎಷ್ಟು?

ಶಾಲೆಯಲ್ಲಿ ದುಡ್ಡಿನ ಪಾಠವೇ ಇಲ್ಲ ಎಂಬ ದೂರು ಪೂರ್ತಿ ನಿಜವಲ್ಲ. ನಮ್ಮ ರಾಜ್ಯದ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರದ ಮೇಲೆ ಒಂದು ಅಧ್ಯಾಯವೇ ಇದೆ. ಉಳಿತಾಯ ಖಾತೆ, ಚಾಲ್ತಿ ಖಾತೆ, ನಿಶ್ಚಿತ ಠೇವಣಿ ಎಲ್ಲವನ್ನೂ ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಅದಕ್ಕೂ ಮೊದಲೇ ಗಣಿತದಲ್ಲಿ ಸರಳಬಡ್ಡಿಯ ಲೆಕ್ಕ ಮುಗಿದಿರುತ್ತದೆ. ಆದರೆ ಈ ಪಾಠ ಮನೆಯ ಸಾಲದ ತನಕ ಬಂದು ಮುಟ್ಟುವುದಿಲ್ಲ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಶನಿವಾರದ ಬೆಳಗಿನ ತರಗತಿಗೆಂದು ಹೋಗುತ್ತಿರುತ್ತೇನೆ. ಉಳಿತಾಯದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕರೆದಿದ್ದರು. ಉಳಿಸಬೇಕೆಂಬುದು ಆ ಮಕ್ಕಳಿಗೆ ಗೊತ್ತೇ ಇದೆ. ಉಳಿಸಲು ಮನೆಯಲ್ಲಿ ಏನು ಮಿಕ್ಕುತ್ತದೆ ಎಂಬುದೂ ಗೊತ್ತಿದೆ. ಅದಕ್ಕೇ ಸಾಲದಿಂದ ಶುರು ಮಾಡಿದೆ. ‘ಬ್ಯಾಂಕಿನಲ್ಲಿ ಒಡವೆ ಇಟ್ಟರೆ ಬಡ್ಡಿ ಶೇಕಡಾ ಒಂಬತ್ತು. ಊರಿನ ಸಾಹುಕಾರರದು ಮೂರು ರೂಪಾಯಿ ಬಡ್ಡಿ. ಯಾವುದು ಅಗ್ಗ?’ ಎಂದು ಕೇಳಿದರೆ ಹುಡುಗರೆಲ್ಲ ಒಂದೇ ದನಿಯಲ್ಲಿ, ‘ಸಾಹುಕಾರರದ್ದೇ ಸಾರ್!’ ಅಂದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ‘ಅದು ತಿಂಗಳಿಗೆ ಅಲ್ವಾ ಸಾರ್?’ ಎಂದಳು.

ಅವಳು ಹೇಳಿದ್ದು ಸರಿ. ಊರಿನ ಬಡ್ಡಿ ನೂರಕ್ಕೆ ತಿಂಗಳಿಗೆ, ಪುಸ್ತಕದ ಬಡ್ಡಿ ನೂರಕ್ಕೆ ವರ್ಷಕ್ಕೆ. ಐವತ್ತು ಸಾವಿರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಅಂದರೆ ಶೇ 36. ಮಿತಿಮೀರಿದ ಬಡ್ಡಿ ವಸೂಲಿಯನ್ನು ತಡೆಯಲು 2004ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಆದರೆ ಮೂರು ರೂಪಾಯಿಯನ್ನು ಹನ್ನೆರಡರಿಂದ ಗುಣಿಸಿ ನೋಡದವರಿಗೆ ಅದು ಮಿತಿಮೀರಿದ್ದೆಂದು ಹೊಳೆಯುವುದಾದರೂ ಹೇಗೆ? ಸರಳಬಡ್ಡಿಯ ಸೂತ್ರ ಬಾಯಲ್ಲಿದ್ದ ಮಕ್ಕಳೇ ಅದನ್ನು ಊರಿನ ಸಾಲಕ್ಕೆ ಹಚ್ಚಿ ನೋಡಿರಲಿಲ್ಲ.

ಮಕ್ಕಳ ಕಿವಿಗೆ ಸಾಲದ ಮಾತು ಬೀಳಬಾರದು ಎನ್ನುವ ಹಿರಿಯರಿದ್ದಾರೆ. ಆದರೆ ಅದೇ ಮನೆಗಳಲ್ಲಿ ಬ್ಯಾಂಕಿನ ಚಲನ್ ತುಂಬುವುದು, ಮೊಬೈಲಿಗೆ ಬಂದ ಮೆಸೇಜ್ ಓದಿ ಹೇಳುವುದು, ಅಪ್ಪನ ಫೋನಿನಿಂದ ದುಡ್ಡು ಕಳಿಸುವುದು ಹೈಸ್ಕೂಲಿನ ಮಗನೋ ಮಗಳೋ. ಸಂಘದ ಕಂತು ಯಾವ ವಾರ ಕಟ್ಟಬೇಕು ಎಂಬುದೂ ಅವರಿಗೆ ಗೊತ್ತು. ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ಆಡುವ ಮಾತೂ ಅವರ ಕಿವಿಗೆ ಬಿದ್ದಿರುತ್ತದೆ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮುಂದೆಂದೋ ಸಂಬಳ ಬಂದಾಗ ಬೇಕಾಗುವ ವಿದ್ಯೆ ಎಂದು ಹಣಕಾಸು ಪಾಠವನ್ನು ಮುಂದೂಡುವ ಹಾಗಿಲ್ಲ. ಮನೆಯ ಲೆಕ್ಕಪತ್ರ ಈಗಾಗಲೇ ಆ ಮಕ್ಕಳ ಕೈಯಲ್ಲಿದೆ.

ಹಾಗಾದರೆ ಏನು ಕಲಿಸಬೇಕು? ನನ್ನ ಪಟ್ಟಿಯಲ್ಲಿ ಮೊದಲನೆಯದು ಸಾಲದ ಕಾಗದ ಓದುವುದು. ಸ್ಕೂಟರ್‌ಗೆ 60,000 ಸಾಲ, ‘ಫ್ಲಾಟ್’ ಶೇ 12, ಎರಡು ವರ್ಷ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಬಡ್ಡಿ 14,400, ಒಟ್ಟು 74,400, ತಿಂಗಳ ಕಂತು 3,100. ಪ್ರತಿ ತಿಂಗಳೂ ಅಸಲು ಸ್ವಲ್ಪ ಸ್ವಲ್ಪ ತೀರುತ್ತಿದ್ದರೂ ಬಡ್ಡಿ ಮಾತ್ರ ಕೊನೆಯ ತನಕ ಪೂರ್ತಿ ಅರವತ್ತು ಸಾವಿರದ ಮೇಲೆ ಬೀಳುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿ ಲೆಕ್ಕ ಮಾಡಿದರೆ ಇದರ ನಿಜವಾದ ದರ ಸುಮಾರು ಇಪ್ಪತ್ತೊಂದೂವರೆ. ಈ ಮರ್ಮ ಬಯಲಾಗಲೆಂದೇ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಜನಸಾಮಾನ್ಯರಿಗೆ ಕೊಡುವ ಹೊಸ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕಡ್ಡಾಯ ಮಾಡಿದೆ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಅದನ್ನು ಕೇಳಿ ಪಡೆಯಬಹುದು ಎಂಬುದು ಹತ್ತನೇ ತರಗತಿ ಮುಗಿಸಿದವರಿಗೆಲ್ಲ ಗೊತ್ತಿರಬೇಕು.

ಎರಡನೆಯದು ಜಾಮೀನು. ‘ಬರೀ ಸಾಕ್ಷಿ ಹಾಕಿದ ಹಾಗೆ ಮಾರಾಯ’ ಎಂದು ಪೆನ್ನು ಕೈಗಿಡುವವರು ಎಲ್ಲ ಊರಲ್ಲೂ ಇದ್ದಾರೆ. 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸಾಲಗಾರ ಊರು ಬಿಟ್ಟರೆ ನೋಟಿಸು ಜಾಮೀನುದಾರನ ಬಾಗಿಲಿಗೆ ಬರುತ್ತದೆ. ಹದಿನೆಂಟು ತುಂಬುವ ತನಕ ಮಕ್ಕಳು ಮಾಡುವ ಕರಾರಿಗೆ ಬೆಲೆಯಿಲ್ಲ; ತುಂಬಿದ ದಿನದಿಂದ ಅವರ ಸಹಿಗೆ ಪೂರ್ತಿ ಬೆಲೆ. ಎಸ್ಸೆಸ್ಸೆಲ್ಸಿಗೂ ಹದಿನೆಂಟಕ್ಕೂ ನಡುವೆ ಇರುವುದು ಎರಡು ಮೂರು ವರ್ಷ ಅಷ್ಟೆ.

ಮೂರನೆಯದು ಲಾಭದ ಲೆಕ್ಕ. ಇದಕ್ಕೆ ನಮ್ಮ ಶಾಲೆಗಳ ‘ಮಕ್ಕಳ ಸಂತೆ’ಗಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಒಬ್ಬ ಹುಡುಗ ಇಪ್ಪತ್ತು ತೆಂಗಿನಕಾಯಿ ತಂದು ಮೂವತ್ತರಂತೆ ಮಾರಿದ. ‘ಆರುನೂರು ಲಾಭ ಸಾರ್’ ಎಂದು ನೋಟು ತೋರಿಸಿದ. ‘ವ್ಯಾಪಾರಿ ತೋಟಕ್ಕೇ ಬಂದಿದ್ದರೆ ಎಷ್ಟು ಕೊಡುತ್ತಿದ್ದನಪ್ಪ?’ ಎಂದೆ. ಇಪ್ಪತ್ತೈದು. ಅಂದರೆ ಕಾಯಿಯ ಬೆಲೆಯೇ ಐನೂರು, ಅದು ಅಪ್ಪನ ದುಡ್ಡು. ಆಟೋದವನಿಗೆ ನಲವತ್ತು ಹೋಗಿದೆ. ಮಿಕ್ಕಿದ್ದು ಅರವತ್ತು. ಹುಡುಗನ ಮುಖ ಸಪ್ಪಗಾಯಿತು, ತರಗತಿ ನಕ್ಕಿತು. ಆಮೇಲೆ ಅವನೇ, ‘ಹಂಗಾದ್ರೆ ಅಪ್ಪ ದಿನಾ ಕೆಲಸ ಮಾಡಿದ ಕೂಲಿ ಎಲ್ಲಿ ಬಂತು ಸಾರ್?’ ಎಂದು ಕೇಳಿದ. ಕೃಷಿ ಲೆಕ್ಕದಲ್ಲಿ ದೊಡ್ಡವರೇ ಬಿಟ್ಟುಬಿಡುವ ಬಾಬತ್ತು ಅದು. ಸಂತೆ ಮುಗಿದ ಮರುದಿನ ಒಂದು ಪೀರಿಯಡ್ ಇಟ್ಟು ಈ ಲೆಕ್ಕ ಮಾಡಿಸದಿದ್ದರೆ ಸಂತೆ ಬರೀ ಗದ್ದಲವಾಗಿ ಮುಗಿಯುತ್ತದೆ.

ಫೋನಿನ ವ್ಯವಹಾರವನ್ನು ಚಿಕ್ಕದಾಗಿ ಹೇಳಿದರೂ ಸಾಕು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವಾಗ. ದುಡ್ಡು ಬರಲು ಪಿನ್ ಒತ್ತಿ ಎಂದವನು ಕಳ್ಳ. ಮೋಸವಾದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಹಾಕಿದ ಮಿತಿಯೊಳಗೆ ತಮ್ಮದೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಪಾಸ್‌ಬುಕ್ ಕೈಯಲ್ಲಿದ್ದರೆ ಈ ಪಾಠ ಅರ್ಧ ತಾನಾಗಿಯೇ ಆಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ‘ನಿಮ್ಮ ಮನೆಯ ಸಾಲ ಎಷ್ಟು?’ ಎಂದು ಯಾವ ಮಗುವನ್ನೂ ತರಗತಿಯಲ್ಲಿ ಕೇಳಬಾರದು. ಬಡತನ ಅಲ್ಲಿ ಹರಾಜಾಗುತ್ತದೆ. ಹೆಸರು ಅಳಿಸಿದ ಹಳೆಯ ಸಾಲಪತ್ರ, ಕರೆಂಟ್ ಬಿಲ್ಲು, ಒಡವೆ ಅಡವಿಟ್ಟ ಚೀಟಿ ಇವುಗಳ ಜೆರಾಕ್ಸ್ ಹಂಚಿದರೆ ಸಾಕು. ತಮ್ಮ ಮನೆಯ ಕಾಗದದೊಂದಿಗೆ ಅದನ್ನು ತಾಳೆ ನೋಡುವ ಕೆಲಸವನ್ನು ಮಕ್ಕಳು ಸಂಜೆ ತಾವೇ ಮಾಡುತ್ತಾರೆ.

ಇದಕ್ಕೆ ಹೊಸ ವಿಷಯ, ಹೊಸ ಪುಸ್ತಕ ಬೇಕಿಲ್ಲ. ಇರುವ ಪಾಠದ ಪ್ರಶ್ನೆ ಬದಲಾದರೆ ಆಯಿತು. ‘ಠೇವಣಿಯ ವಿಧಗಳನ್ನು ಬರೆಯಿರಿ’ ಎನ್ನುವ ಬದಲು ಒಂದು ಸಾಲಪತ್ರ ಅಚ್ಚು ಹಾಕಿ, ‘ವರ್ಷದ ಬಡ್ಡಿ ಎಷ್ಟು? ಕಂತು ತಪ್ಪಿದರೆ ದಂಡ ಎಷ್ಟು? ಸಾಲಗಾರ ಕಟ್ಟದಿದ್ದರೆ ಯಾರು ಕಟ್ಟಬೇಕು?’ ಎಂದು ಕೇಳಲಿ. ಪರೀಕ್ಷೆಗೆ ಬರುತ್ತದೆ ಎಂದರೆ ಮೇಷ್ಟ್ರು ಕಲಿಸುತ್ತಾರೆ, ಮಕ್ಕಳು ಓದುತ್ತಾರೆ.