ಅಮ್ಮನ ತ್ರಾಣ ಎಷ್ಟಿತ್ತು, ನೀನು ಹೇಳು

ಮಗಾ, ಎಪ್ಪತ್ತು ದಾಟಿದ ಅಮ್ಮನಿಗೆ ಕೀಮೋ ನಡೆಯುತ್ತಿರುವಾಗ ಮನೆಯಲ್ಲಿ ಯಾರು ಸೀನಿದರೂ ನಿನ್ನೆದೆ ಧಸಕ್ ಅನ್ನುತ್ತದೆ. ಸಹಜ. ಆದರೆ ಬರೀ ಹೆದರಿ ಕೂರಬೇಡ. ನಿನ್ನಿಂದಲೇ ಆಗಬೇಕಾದ ಕೆಲಸವೊಂದಿದೆ.

ವೈರಸ್ ಜ್ವರ ಬಂದರೆ "ವಯಸ್ಸಾಯ್ತಲ್ಲ, ಕ್ಯಾನ್ಸರ್ ಬೇರೆ" ಎಂದು ನೆಂಟರು ಕೈಚೆಲ್ಲಿಬಿಡುತ್ತಾರೆ. 2020ರಲ್ಲಿ ಬ್ರಿಟನ್, ಇಟಲಿಯ ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳನ್ನು ಗಮನಿಸಿದ ವೈದ್ಯರು ಕಂಡದ್ದೇ ಬೇರೆ. ಯಾರು ಉಳಿದಾರು ಎಂಬುದನ್ನು ವಯಸ್ಸಿಗಿಂತ, ಇತರ ಕಾಯಿಲೆಗಳಿಗಿಂತ, ಮೈಯಲ್ಲಿದ್ದ ತ್ರಾಣವೇ ಚೆನ್ನಾಗಿ ಹೇಳಿತು.

ಆ ತ್ರಾಣ ಅಳೆಯಲು ಕೆನಡಾದ ಕೆನೆತ್ ರಾಕ್‌ವುಡ್ ತಂಡ 2005ರಲ್ಲಿ ಕೊಟ್ಟ ಮಾಪಕವಿದೆ. ಈಗ ಅದರಲ್ಲಿ 9 ಹಂತ. ಮೊದಲನೆಯದು ಗಟ್ಟಿಮುಟ್ಟು. ಹಣಕಾಸು, ಓಡಾಟ, ಭಾರದ ಮನೆಗೆಲಸಕ್ಕೆ ಇನ್ನೊಬ್ಬರು ಬೇಕಾದರೆ 5. ಸ್ನಾನಕ್ಕೂ ಬೇಕಾದರೆ 6. ಜ್ವರದಲ್ಲಿ ಮಲಗಿದವರೆಲ್ಲ ಸೋತೇ ಕಾಣುತ್ತಾರೆ. ಅದಕ್ಕೇ ಅಂಕ ಹಾಕಬೇಕಾದದ್ದು ಕಾಯಿಲೆಗೆ ಎರಡು ವಾರ ಮುಂಚಿನ ಸ್ಥಿತಿಗೆ. ಡ್ಯೂಟಿ ಡಾಕ್ಟರಿಗೆ ಅದು ಹೇಗೆ ತಿಳಿಯಬೇಕು? ಬಾಯಿಬಿಟ್ಟು ಹೇಳಬೇಕಾದವನು ನೀನು: "ಹೋದ ತಿಂಗಳು ಒಬ್ಬಳೇ ಸ್ನಾನ ಮಾಡುತ್ತಿದ್ದಳು, ಮೆಟ್ಟಿಲು ಹತ್ತುತ್ತಿದ್ದಳು."

ಅಂಕ ಹೆಚ್ಚಾದರೆ ಆಸೆ ಬಿಡು ಅಂತ ಅರ್ಥವಲ್ಲ. ಔಷಧಿ ಆ ಮೈಗೆ ಹೊಂದಬೇಕು, ಅಷ್ಟೇ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕ್ಯಾನ್ಸರ್ ಬಲಿತಿದ್ದ 70 ದಾಟಿದವರ ಇಂಥ ವಿವರವನ್ನು ವೈದ್ಯರ ಕೈಗೆ ಕೊಟ್ಟಾಗ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮ ಕಂಡವರು ನೂರಕ್ಕೆ 71ರಿಂದ 51ಕ್ಕೆ ಇಳಿದರು, ಆಯಸ್ಸೇನೂ ಕುಗ್ಗಲಿಲ್ಲ.

ಇನ್ನು ಮನೆಯ ಮಾತು. ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡು. ಕೇಳದೆ ಪ್ಯಾರಸಿಟಮಾಲ್ ಕೊಟ್ಟು ಜ್ವರ ಮುಚ್ಚಬೇಡ. ವಯಸ್ಸಾದವರಿಗೆ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಊಟ ಬೇಡ ಎನ್ನುವುದು, ತಡವರಿಸಿ ಬೀಳುವುದು, ಮಾತು ಅಸಂಬದ್ಧವಾಗುವುದು, ಇವನ್ನೂ ಸೋಂಕಿನ ಸೂಚನೆ ಅಂತಲೇ ತಿಳಿ. ಫ್ಲೂ ಲಸಿಕೆ ಅಮ್ಮನಿಗೆ ಯಾವಾಗ ಎಂದು ಕ್ಯಾನ್ಸರ್ ಡಾಕ್ಟರನ್ನೇ ಕೇಳು. ನೀವೆಲ್ಲ ವರ್ಷವರ್ಷ ಹಾಕಿಸಿಕೊಳ್ಳಿ. ಪ್ರೀತಿಯ ಹೆಸರಲ್ಲಿ ಅವಳನ್ನು ಹಾಸಿಗೆಗೆ ಕಟ್ಟಬೇಡ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ಡಾಕ್ಟರು ಬೇಡ ಅನ್ನದಿದ್ದರೆ ಅಂಗಳದಲ್ಲಿ ನಡೆಯಲಿ, ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆ ಇರಲಿ.

ಅವಳು ಏನೇನು ತಾನೇ ಮಾಡಿಕೊಳ್ಳುತ್ತಾಳೆ ಎಂದು ಪ್ರತಿ ತಿಂಗಳು ಒಂದು ಹಾಳೆಯಲ್ಲಿ ತಾರೀಕು ಹಾಕಿ ಬರೆದು ಆಸ್ಪತ್ರೆ ಫೈಲಿನ ಮೇಲುಗಡೆಯೇ ಸೇರಿಸು. ಗಾಬರಿಯಲ್ಲಿ ನಿನ್ನ ನಾಲಿಗೆ ತೊದಲಿದರೂ ಆ ಹಾಳೆ ಸರಿಯಾಗಿ ಹೇಳುತ್ತದೆ.